ದಿಢೀರ್ ಸಾವು ಬೇಡವೆಂದು ಬೇಡುತ್ತಿದ್ದುದು ಏಕೆ?

ಪ್ರಶ್ನೆ: ಮೇಡಂ, ನೀವು ಮಧ್ಯಯುಗದ ಯುರೋಪಿನ ಇತಿಹಾಸ ಪಾಠ ಮಾಡುವವರೆಂದು ಗುಂಪಿನಲ್ಲಿ ತಿಳಿಯಿತು. ಮಂಗಳೂರಿನಲ್ಲಿ ನಮ್ಮ ಪಕ್ಕದ ಮನೆಯ ಕ್ಯಾಥೊಲಿಕ್ ಅಜ್ಜಿ ಪ್ರಾರ್ಥನೆಯ ನಡುವೆ ‘ದಿಢೀರ್ ಸಾವು ಬಾರದಿರಲಿ’ ಎಂದು ಬೇಡಿಕೊಳ್ಳುತ್ತಿದ್ದರು. ನಮ್ಮ ಮನೆಯಲ್ಲಿ ಇದಕ್ಕೆ ತದ್ವಿರುದ್ಧ. ಮಲಗಿದಲ್ಲೇ ಹೋದವರನ್ನು ‘ಪುಣ್ಯವಂತರು, ನರಳಲಿಲ್ಲ, ಯಾರನ್ನೂ ನರಳಿಸಲಿಲ್ಲ’ ಎನ್ನುತ್ತೇವೆ. ಅದು ಹಳೆಯ ಕ್ರೈಸ್ತ ನಂಬಿಕೆಯೋ, ಅಜ್ಜಿಯ ಸ್ವಂತ ಭಯವೋ?

ಉತ್ತರ: ಅಜ್ಜಿಯ ಸ್ವಂತದ್ದಲ್ಲ. ‘ಹಠಾತ್ತನೆ, ಎಣಿಸದೆ ಬರುವ ಸಾವಿನಿಂದ ನಮ್ಮನ್ನು ಬಿಡಿಸು ಪ್ರಭುವೇ’ ಎಂಬ ಬೇಡಿಕೆ ಸಂತರ ಪ್ರಾರ್ಥನಾಮಾಲೆಯಲ್ಲಿ ಶತಮಾನಗಳಿಂದ ಇದೆ. ‘ಅನಾಯಾಸೇನ ಮರಣಂ’ ಎಂದು ನಾವು ಕೇಳಿಕೊಳ್ಳುವ ಸಾವೇ ಆ ಕಾಲದವರ ಕಣ್ಣಿಗೆ ಕೆಟ್ಟ ಸಾವು. ಸಾಯುವ ಮುನ್ನ ಪಾದ್ರಿಯ ಮುಂದೆ ಪಾಪನಿವೇದನೆ ಮಾಡಬೇಕು, ಪರಮಪ್ರಸಾದ (ಕ್ರಿಸ್ತನ ದೇಹವೆಂದು ನಂಬುವ ರೊಟ್ಟಿ) ಸ್ವೀಕರಿಸಬೇಕು, ಪವಿತ್ರ ತೈಲ ಹಚ್ಚುವ ಅಭ್ಯಂಗ ಸಂಸ್ಕಾರ ಆಗಬೇಕು, ಸಾಲ ತೀರಿಸಬೇಕು, ಜಗಳವಾಡಿದವರನ್ನು ಕರೆಸಿ ಕ್ಷಮೆ ಕೇಳಬೇಕು. ನಿದ್ದೆಯಲ್ಲಿ ಹೋದವನಿಗೆ ಇದಕ್ಕೆಲ್ಲ ಎಲ್ಲಿಯ ಸಮಯ? ಇಂಗ್ಲೆಂಡಿನ ಅನೇಕ ಹಳೆಯ ಚರ್ಚುಗಳಲ್ಲಿ ಬಾಗಿಲಿಗೆ ಎದುರಾದ ಗೋಡೆಯ ಮೇಲೆ ಸಂತ ಕ್ರಿಸ್ಟೋಫರನ ಆಳೆತ್ತರ ಮೀರಿದ ಚಿತ್ರವಿರುತ್ತದೆ. ಅವನನ್ನು ನೋಡಿದ ದಿನ ಅಂಥ ಸಾವು ಬಾರದೆಂಬ ನಂಬಿಕೆ. ಹೊಲಕ್ಕೆ ಹೋಗುವವನು ಬಾಗಿಲಲ್ಲೇ ನಿಂತು ಇಣುಕಿ ಹೋಗಬಹುದಿತ್ತು.

ಈ ಭಯ ಎಷ್ಟು ಆಳವಾಗಿತ್ತೆಂಬುದು ಪ್ಲೇಗು ಬಂದಾಗ ಗೊತ್ತಾಯಿತು. 1349ರ ಜನವರಿಯಲ್ಲಿ, ಪಾದ್ರಿಗಳೇ ಸಿಗದ ಪರಿಸ್ಥಿತಿಯಲ್ಲಿ, ಇಂಗ್ಲೆಂಡಿನ ಬಾತ್ ಮತ್ತು ವೆಲ್ಸ್ ಪ್ರಾಂತ್ಯದ ಬಿಷಪ್ ರಾಲ್ಫ್ ಒಂದು ಪತ್ರ ಹೊರಡಿಸಿದರು: ಸಾಯುವವರು ಸಾಮಾನ್ಯ ಗೃಹಸ್ಥನ ಮುಂದಾದರೂ ಪಾಪನಿವೇದನೆ ಮಾಡಲಿ, ಗಂಡಸರು ಯಾರೂ ಇಲ್ಲದಿದ್ದರೆ ಹೆಂಗಸಿನ ಮುಂದಾದರೂ ಸರಿ. ಆ ‘ಹೆಂಗಸಿನ ಮುಂದಾದರೂ’ ಎಂಬ ಮಾತನ್ನು ಓದಿದಾಗಲೆಲ್ಲ ನನಗೆ ನಗು ಬರುತ್ತದೆ, ಮರುಕ್ಷಣವೇ ಆ ಬಿಷಪ್ಪರ ಮೇಲೆ ಕನಿಕರವೂ ಹುಟ್ಟುತ್ತದೆ.

ಮರುಪ್ರಶ್ನೆ: ಸಾಯುವುದು ಹೇಗೆಂದು ಕಲಿಸುವ ಪುಸ್ತಕಗಳೂ ಇದ್ದವಂತೆ, ನಿಜವೇ?

ಉತ್ತರ: ಇದ್ದವು. 15ನೇ ಶತಮಾನದ ಆರಂಭದಲ್ಲಿ ‘ಆರ್ಸ್ ಮೊರಿಯೆಂಡಿ’, ಎಂದರೆ ‘ಸಾಯುವ ಕಲೆ’, ಎಂಬ ಲ್ಯಾಟಿನ್ ಬರಹ ಹುಟ್ಟಿತು. ಪಾದ್ರಿ ಬಾರದಿದ್ದರೂ ಮನೆಯವರೇ ಓದಿ ರೋಗಿಗೆ ಧೈರ್ಯ ತುಂಬಲಿ ಎಂಬುದು ಅದರ ಉದ್ದೇಶಗಳಲ್ಲೊಂದು. ಶತಮಾನದ ನಡುವೆ ಅದರ ಚಿಕ್ಕ ರೂಪ ಮರದ ಅಚ್ಚಿನ 11 ಚಿತ್ರಗಳೊಡನೆ ಬಂತು. ಹಾಸಿಗೆ ಒಂದೇ, ರೋಗಿಯೂ ಒಬ್ಬನೇ. ಸುತ್ತ ಪಿಶಾಚಿಗಳು ಐದು ಬಗೆಯಲ್ಲಿ ಕೆಣಕುತ್ತವೆ: ಅವಿಶ್ವಾಸ, ಹತಾಶೆ, ಅಸಹನೆ, ಒಣಹೆಮ್ಮೆ, ಆಸ್ತಿಯ ಮೋಹ. ಒಂದೊಂದಕ್ಕೂ ದೇವದೂತನ ಸಮಾಧಾನದ ಒಂದು ಚಿತ್ರ. ಕೊನೆಯದರಲ್ಲಿ ಪ್ರಾಣ ಹೋಗುತ್ತದೆ.

ಅಸಹನೆಯ ಚಿತ್ರ ನನಗೆ ಅಚ್ಚುಮೆಚ್ಚು. ರೋಗಿ ಹೊದಿಕೆಯಿಂದ ಕಾಲು ಹೊರಹಾಕಿ ಉಪಚಾರಕ್ಕೆ ನಿಂತವನನ್ನು ಒದೆಯುತ್ತಿದ್ದಾನೆ, ಮೇಜು ಮಗುಚಿ ಬಿದ್ದಿದೆ. ತಿಂಗಳುಗಟ್ಟಲೆ ಹಾಸಿಗೆ ಹಿಡಿದವರ ಸೇವೆ ಮಾಡಿದವರಿಗೆ ಇದು ಹೊಸದಲ್ಲ. ಮೋಹದ ಚಿತ್ರದಲ್ಲಿ ಪಿಶಾಚಿ ಬೆರಳು ತೋರಿಸುವುದು ದ್ರಾಕ್ಷಾರಸದ ಪೀಪಾಯಿಗಳತ್ತ. ಪಕ್ಕದಲ್ಲೇ ಆಳೊಬ್ಬ ಕುದುರೆಯನ್ನು ಲಾಯಕ್ಕೆ ಹೊಡೆದುಕೊಂಡು ಹೋಗುತ್ತಿದ್ದಾನೆ. ‘ಇದನ್ನೆಲ್ಲ ಬಿಟ್ಟು ಹೋಗುತ್ತೀಯಾ?’ ಎಂಬಂತೆ.

ಮರುಪ್ರಶ್ನೆ (ಇನ್ನೊಬ್ಬ ಸದಸ್ಯರದು): ಹಾಗಾದರೆ ಆಗಿನವರು ಸಾವಿಗೆ ಹೆದರುತ್ತಿರಲಿಲ್ಲ, ನಾವೇ ಪುಕ್ಕಲರು ಎನ್ನಬಹುದೇ?

ಉತ್ತರ: ಹಾಗೆ ಬರೆದವರಿದ್ದಾರೆ. ಫ್ರೆಂಚ್ ಇತಿಹಾಸಕಾರ ಫಿಲಿಪ್ ಆರಿಯೆಸ್ ಆ ಕಾಲದ್ದನ್ನು ‘ಪಳಗಿಸಿದ ಸಾವು’ ಎಂದು ಕರೆದರು. ನೆರೆಹೊರೆಯವರು, ಮಕ್ಕಳು ಎಲ್ಲರೂ ನೆರೆದ ಕೋಣೆಯಲ್ಲಿ ನೆಮ್ಮದಿಯ ಸಾವು ಎಂಬ ಚಿತ್ರಣ ಅದು. ಕೋಣೆ ತುಂಬಾ ಜನರಿದ್ದರು, ನಿಜ. ನೆಮ್ಮದಿಯ ಮಾತನ್ನು ನಾನು ಒಪ್ಪುವುದಿಲ್ಲ. ನೆಮ್ಮದಿಯಿದ್ದರೆ ಹತಾಶೆಗೆಂದೇ ಎರಡು ಚಿತ್ರ ಕೊರೆಯುವ ಅಗತ್ಯವೇನಿತ್ತು? ಸ್ವರ್ಗಕ್ಕೆ ಮುನ್ನ ಆತ್ಮ ಪಾಪ ಕಳೆದುಕೊಳ್ಳುವ ಶುದ್ಧೀಕರಣ ಸ್ಥಳದ ಬೇಗೆಗೆ ಹೆದರಿದ ಸಿರಿವಂತರು ತಮ್ಮ ಆತ್ಮಕ್ಕಾಗಿ ಚರ್ಚಿನಲ್ಲಿ ಬಲಿಪೂಜೆ (ಮಾಸ್) ನಡೆಯುತ್ತಲೇ ಇರಲೆಂದು ಜಮೀನು ಬಿಟ್ಟು ಹೋಗುತ್ತಿದ್ದರು. ಇಂಗ್ಲೆಂಡಿನಲ್ಲಿ 1547ರ ಕಾನೂನು ಆ ದತ್ತಿಗಳನ್ನೆಲ್ಲ ಮುಟ್ಟುಗೋಲು ಹಾಕಿಕೊಂಡಿತು.

ಭಯ, ನಂಬಿಕೆ ಎರಡೂ ಒಟ್ಟಿಗೆ ಇದ್ದುದನ್ನು ನೋಡಬೇಕಾದರೆ ನಾರ್ವಿಚ್‌ನ ಜೂಲಿಯನ್ ಎಂಬ ಇಂಗ್ಲಿಷ್ ಅನುಭಾವಿ ಲೇಖಕಿ ಇದ್ದಾಳೆ. 1373ರ ಮೇ ತಿಂಗಳು, ವಯಸ್ಸು ಮೂವತ್ತೂವರೆ. ಕಾಯಿಲೆಯಿಂದ ಸಾಯುವ ಸ್ಥಿತಿ; ಸಾಯುವವರಿಗೆ ಮಾಡುವ ಸಂಸ್ಕಾರಗಳು ಮುಗಿದಿದ್ದವು, ಸೊಂಟದಿಂದ ಕೆಳಗೆ ಸ್ಪರ್ಶವೇ ಇರಲಿಲ್ಲ. ಪಾದ್ರಿ ಶಿಲುಬೆಯನ್ನು ಮುಖದೆದುರು ಹಿಡಿದರು. ಸ್ವರ್ಗದತ್ತ ನೆಟ್ಟ ದೃಷ್ಟಿಯನ್ನು ಕೆಳಗಿಳಿಸಲು ಅವಳಿಗೆ ಮನಸ್ಸಿರಲಿಲ್ಲ, ಆದರೂ ಒಪ್ಪಿದಳು. ಕೋಣೆಯೆಲ್ಲ ರಾತ್ರಿಯಂತೆ ಕಪ್ಪಾಯಿತು, ಶಿಲುಬೆಯ ಮೇಲೆ ಮಾತ್ರ ಬೆಳಕು ಉಳಿಯಿತು ಎಂದು ಮುಂದೆ ಬರೆದಳು. ಬದುಕಿ ಉಳಿದದ್ದರಿಂದ ಬರೆದಳು ಎನ್ನಿ.

ಮೊದಲ ಪ್ರಶ್ನೆ ಕೇಳಿದವರು: ಇನ್ನೊಂದು ವಿಷಯ ಮೇಡಂ. ಅದೇ ಅಜ್ಜಿ ಕಾಯಿಲೆ ಬಿದ್ದಾಗ ಫಾದರ್ ಅವರನ್ನು ಕರೆಸಲು ಮನೆಯವರು ಹಿಂದೆಮುಂದೆ ನೋಡಿದರು. ಸಿದ್ಧತೆಯೇ ಮುಖ್ಯವಾಗಿದ್ದರೆ ಈ ಹಿಂಜರಿಕೆ ಏಕೆ?

ಉತ್ತರ: ಅದೂ ಹಳೆಯದೇ. ಅಭ್ಯಂಗವನ್ನು ಕಟ್ಟಕಡೆಯ ಗಳಿಗೆಗೆ ಮೀಸಲಿಟ್ಟಿದ್ದರಿಂದ ಪಾದ್ರಿ ಬಂದರೆಂದರೆ ಆಸೆ ಬಿಟ್ಟಂತೆ ಎಂದು ಜನ ತಿಳಿದರು. ತೈಲ ಹಚ್ಚಿಸಿಕೊಂಡ ಮೇಲೆ ಅಕಸ್ಮಾತ್ ಬದುಕಿದರೆ ಮಾಂಸ ತಿನ್ನಬಾರದು, ಬರಿಗಾಲಲ್ಲಿ ನಡೆಯಬಾರದು, ಗಂಡ ಹೆಂಡಿರು ಕೂಡಬಾರದು ಎಂಬ ನಂಬಿಕೆ ಮಧ್ಯಯುಗದಲ್ಲಿತ್ತು. ಅರ್ಧ ಸತ್ತವರ ಲೆಕ್ಕ! ಅದು ಸುಳ್ಳೆಂದು ಧರ್ಮಸಭೆ ಮತ್ತೆ ಮತ್ತೆ ಸಾರಬೇಕಾಯಿತು. 1972ರ ಸುಧಾರಣೆಯಲ್ಲಿ ಕ್ಯಾಥೊಲಿಕರು ಈ ಸಂಸ್ಕಾರದ ‘ಅಂತಿಮ ಅಭ್ಯಂಗ’ ಎಂಬ ಹೆಸರನ್ನೇ ‘ರೋಗಿಗಳ ಅಭ್ಯಂಗ’ ಎಂದು ಬದಲಿಸಿದರು. ಈಗ ದೊಡ್ಡ ಆಪರೇಷನ್‌ಗೆ ಮುನ್ನವೂ ಕೊಡುತ್ತಾರೆ, ಒಂದಕ್ಕಿಂತ ಹೆಚ್ಚು ಸಲವೂ ಪಡೆಯಬಹುದು. ಅಜ್ಜಿಯ ಮನೆಯವರನ್ನು ತಡೆದದ್ದು ಆ ಹಳೆಯ ಹೆಸರಿನ ನೆನಪೇ ಇರಬೇಕು.