ಕುದುರಿ ಕಾಲಿನ ಆಪರೇಷನ್ ಆದಮ್ಯಾಲೆ ಏನೇನು ನೋಡ್ಕೋಬೇಕು? ಅನುಭವ ಇದ್ದವ್ರು ಹೇಳ್ರಿ

ಅಕ್ಕಲಕೋಟದಿಂದ:
ನಮ್ಮ ಹೆಣ್ಣುಗುದುರಿ ಮದುವಿ ಮೆರವಣಿಗಿಗೆ ಹೋಗೂದು. ಬಲ ಮುಂಗಾಲಾಗ ಗೊರಸಿನ ಮ್ಯಾಲಿನ ಎಲುಬು ಸೀಳಿತ್ತು, ಎರಡು ಸ್ಕ್ರೂ ಕೂಡಿಸಿ ಪ್ಲಾಸ್ಟರ್ ಹಾಕ್ಯಾರ. ಮನಿಗೆ ತಂದು ಆರು ದಿನ ಆತು. ಎಕ್ಸ್‌ರೇ ಚೊಲೋ ಅದ ಅಂದ್ರು, ಮುಂದ ಏನು ಕೆಡಬಹುದು ಅಂತ ಯಾರೂ ಸರಿಯಾಗಿ ಹೇಳವಲ್ರು.

ಜತ್ತದಿಂದ:
ಅಣ್ಣಾ, ಆಪರೇಷನ್ ಆದ ಕಾಲು ಡಾಕ್ಟ್ರು ನೋಡ್ತಾರ, ನೀವು ಎಡಗಾಲು ನೋಡ್ರಿ. ನಾ ಇದರಾಗ ಕುದುರಿ ಕಳಕೊಂಡವ. ದಿನಾ ಪ್ಲಾಸ್ಟರ್ ಮುಟ್ಟಿ ಮುಟ್ಟಿ ನೋಡ್ತಿದ್ದೆ, ಅದು ಮೂರು ವಾರ ಪೂರಾ ಭಾರ ಇನ್ನೊಂದು ಕಾಲಿನ ಮ್ಯಾಲೆ ಹಾಕಿ ನಿಂತಿತ್ತು, ಗಟ್ಟಿ ಜೀವ ಅಂತ ನಾ ಖುಷಿಯಾಗಿದ್ದೆ. ಒಂದಿನ ಮುಂಜಾನೆ ನೋಡಿದ್ರ ಪ್ಲಾಸ್ಟರ್ ಕಾಲಿನ ಮ್ಯಾಲೇ ಭಾರ ಬಿಟ್ಟದ, ಆರಾಮಾತು ಅಂತ ಬೆಲ್ಲ ತಿನ್ನಿಸಿದೆ! ಡಾಕ್ಟ್ರು ಬಂದು ಆ ಕಡೆ ಗೊರಸು ಮುಟ್ಟು ಅಂದ್ರು, ರೊಟ್ಟಿ ಹಂಚಿನಂಗ ಕಾದಿತ್ತು. ಲ್ಯಾಮಿನೈಟಿಸ್ ಅಂತಾರ, ಗೊರಸಿಗೂ ಒಳಗಿನ ಎಲುಬಿಗೂ ಇರೋ ಹಿಡಿತ ಬಿಟ್ಟು ಎಲುಬು ಕೆಳಗ ತಿರುಗ್ತದ. ಕಾಲಗಂಟಿನ ಹಿಂದ ಬಗಲಿಗೆ ಬೆರಳಿಟ್ಟು ನಾಡಿ ನೋಡೂದು ಕಲೀರಿ, ಜೋರು ಬಡೀಲಿಕ್ಕತ್ತಿದ್ರ ಒಂದು ತಾಸೂ ಕಾಯಬ್ಯಾಡ್ರಿ. ಲಾಯದಾಗ ಉಸುಕು ದಪ್ಪಗ ಹಾಕ್ರಿ.

ಹೊಸೂರಿನಿಂದ:
ನಾನು ರೇಸ್ ಕುದುರೆ ಲಾಯದಲ್ಲಿ ಕೆಲಸ ಮಾಡ್ದವ್ನು, ಮೇಲಿನವ್ರು ಹೇಳಿದ್ದು ನಿಜ. ಅಮೆರಿಕದ ಬಾರ್ಬರೋ ಅನ್ನೋ ಕುದುರೆ 2006ರ ಮೇನಲ್ಲಿ ಬಲ ಹಿಂಗಾಲು ಮುರ್ಕೊಂಡು ಪ್ಲೇಟು, ಸ್ಕ್ರೂ ಎಲ್ಲಾ ಹಾಕ್ಸ್ಕೊಂಡ್ತು, ಜುಲೈಗೆಲ್ಲಾ ಎಡ ಹಿಂಗಾಲಿಗೆ ಇದೇ ಕಾಯ್ಲೆ, 2007ರ ಜನವರೀಲಿ ದಯಾಮರಣ ಕೊಡ್ಬೇಕಾಯ್ತು. ದುಡ್ಡಿಗೆ, ಡಾಕ್ಟ್ರಿಗೆ ಬರ ಇರ್ಲಿಲ್ಲ ಅಲ್ಲಿ.
ಇನ್ನೊಂದು, ಲದ್ದಿ ಎಣಿಸಿ. ನಿಂತಲ್ಲೇ ನಿಂತ ಕುದುರೆಗೆ ಕರುಳು ನಿಧಾನವಾಗಿ ಕಟ್ಕೊಳ್ಳತ್ತೆ, ದಿನಕ್ಕೆ ಎಂಟ್ಹತ್ತು ಸಲ ಹಾಕ್ಬೇಕು. ಕಾಳು ಕಡಿಮೆ ಮಾಡಿ, ನೆನೆಸಿದ ಹುಲ್ಲು ಕೊಡಿ. ಪ್ಲಾಸ್ಟರ್ ಮೇಲೆ ಒಂದೇ ಜಾಗ ಬಿಸಿ ಇದ್ರೆ, ನೊಣ ಮುತ್ತಿದ್ರೆ, ಒಳಗೆ ಹುಣ್ಣಾಗಿದೆ ಅಂತ್ಲೇ ತಿಳ್ಕೊಳಿ. ನೋವಿನ ಔಷಧಿ ನಿಮ್ಮಷ್ಟಕ್ಕೆ ಜಾಸ್ತಿ ಮಾಡ್ಬೇಡಿ, ಹೊಟ್ಟೇಲಿ ಅಲ್ಸರ್ ಆಗತ್ತೆ.

ಕಾಸರಗೋಡಿನಿಂದ:
ನಮ್ಮಲ್ಲಿ ಕುದುರೆ ಕಾಣುದೇ ಅಪರೂಪ ಮಾರಾಯ್ರೆ, ಆದ್ರೂ ವೆಟರ್ನರಿ ಓದುವ ಮಗಳ ಹತ್ರ ಕೇಳಿದೆ. ಧನುರ್ವಾಯು ಇಂಜೆಕ್ಷನ್ ಆಗಿದೆಯಾ ಅಂತ ವಿಚಾರಿಸಿ, ಕುದುರೆಗೆ ಅದು ಬೇಗ ತಗಲ್ತದಂತೆ.

ಅಕ್ಕಲಕೋಟದಿಂದ:
ಇಂಜೆಕ್ಷನ್ ಆಗ್ಯದ್ರಿ. ಎಡ ಗೊರಸು ಈಗ ಮುಟ್ಟಿ ಬಂದೆ, ತಣ್ಣಗದ. ಆದ್ರ ಮುಂಜಾನಿಂದ ಲದ್ದಿ ಎರಡೇ ಸಲ, ಅದೂ ಒಣಾ ಗುಂಡು. ಡಾಕ್ಟ್ರಿಗೆ ಫೋನ್ ಹಚ್ಚೀನಿ.