ಪದಚರ್ಚೆ: ಸಿಒಪಿಡಿಗೆ ‘ದಮ್ಮು’ ಸಾಕೇ? ಇನ್ಹೇಲರಿಗೆ ‘ಎಳೆಯಿರಿ’ ಸರಿಯೇ?

ಬಲ್ಲವರೇ,

ಸಿಒಪಿಡಿ, ಅಂದರೆ ಶ್ವಾಸನಾಳ ಕಿರಿದಾಗಿ ಉಸಿರು ಸಲೀಸಾಗಿ ಹೊರಹೋಗದ ದೀರ್ಘಕಾಲದ ಕಾಯಿಲೆ, ಮೊದಲ ಹಂತದಲ್ಲೇ ಪತ್ತೆಯಾದವರಿಗೆ ಕೊಡುವ ಕರಪತ್ರವೊಂದಕ್ಕೆ ಪದಗಳು ಬೇಕಾಗಿವೆ.

ಮೊದಲನೆಯದು ಹೆಸರು. ದಮ್ಮು, ಉಬ್ಬಸ, ಗೂರಲು ಮೂರನ್ನೂ ಜನ ಅಸ್ತಮಾಕ್ಕೂ ಬಳಸುತ್ತಾರೆ. ಅಸ್ತಮಾದಲ್ಲಿ ಶ್ವಾಸನಾಳದ ಬಿಗಿತ ಔಷಧಕ್ಕೆ ಬಹುಮಟ್ಟಿಗೆ ಸಡಿಲುತ್ತದೆ, ಸಿಒಪಿಡಿಯಲ್ಲಿ ಪೂರ್ತಿ ಸಡಿಲುವುದಿಲ್ಲ. ಶ್ವಾಸನಾಳ ಸಡಿಲಿಸುವ ಸಾಲ್ಬುಟಮಾಲ್ ಕೊಟ್ಟು 15 ನಿಮಿಷ ಬಿಟ್ಟು, ಊದಿದ ಗಾಳಿಯನ್ನು ಅಳೆಯುವ ಸ್ಪೈರೋಮೀಟರಿಗೆ ಊದಿಸಿದಾಗಲೂ, ಮೊದಲ ಸೆಕೆಂಡಿನಲ್ಲಿ ಹೊರಬಂದ ಗಾಳಿ ಒಟ್ಟು ಊದಿದ್ದರ 70%ಕ್ಕಿಂತ ಕಡಿಮೆಯೇ ಇರುತ್ತದೆ. ಅದಕ್ಕಿಂತ ದೊಡ್ಡ ತೊಡಕು, ಈ ಹಂತದಲ್ಲಿ ಎಷ್ಟೋ ಜನರಿಗೆ ದಮ್ಮೇ ಇರುವುದಿಲ್ಲ. ಬೆಳಗಿನ ಕೆಮ್ಮು, ಒಂದಿಷ್ಟು ಕಫ, ದಿಬ್ಬ ಹತ್ತುವಾಗ ಏದುಸಿರು, ಅಷ್ಟೆ. ‘ದಮ್ಮಿನ ಕಾಯಿಲೆ’ ಎಂದು ಅಚ್ಚು ಹಾಕಿದರೆ ‘ನನಗೆ ದಮ್ಮಿಲ್ಲವಲ್ಲ’ ಎಂದು ಹಾಳೆ ಮಡಚಿಡುತ್ತಾರೆ. ಬೀಡಿ ಬಿಟ್ಟರೆ ಶ್ವಾಸಕೋಶ ಹೆಚ್ಚು ಉಳಿಯುವ ಹೊತ್ತು ಅದೇ. ‘ಸೇದುವವರ ಕಾಯಿಲೆ’ ಎನ್ನುವಂತೆಯೂ ಇಲ್ಲ. ಸೌದೆ ಒಲೆಯ ಮುಂದೆ ವರ್ಷಗಟ್ಟಲೆ ಕೂತ ಹೆಂಗಸರಿಗೂ ಇದು ಬರುತ್ತದೆ. ನನ್ನ ಒಲವು ‘ಶ್ವಾಸನಾಳ ಕಿರಿದಾಗುವ ಕಾಯಿಲೆ’ ಕಡೆಗೆ, ಆವರಣದಲ್ಲಿ ಸಿಒಪಿಡಿ.

ಎರಡನೆಯದು ಇನ್ಹೇಲರ್ ಬಳಸುವುದನ್ನು ಹೇಳುವ ಕ್ರಿಯಾಪದ, ಇಲ್ಲಿ ಎಡವಿದರೆ ಔಷಧವೇ ಒಳಗೆ ಹೋಗುವುದಿಲ್ಲ. ಕ್ಯಾಪ್ಸೂಲ್ ಹಾಕುವ ರೋಟಾಹೇಲರಿನಲ್ಲಿ ಪುಡಿಯನ್ನು ಚದುರಿಸುವುದು ನಮ್ಮ ಉಸಿರಿನ ರಭಸವೇ, ಆದ್ದರಿಂದ ಒಮ್ಮೆಲೇ ಜೋರಾಗಿ, ಆಳವಾಗಿ ಎಳೆಯಬೇಕು. ಒತ್ತುವ ಪಂಪಿನದು ಇದಕ್ಕೆ ತದ್ವಿರುದ್ಧ: ಉಸಿರು ಒಳಗೆ ಹೊರಡುತ್ತಿದ್ದಂತೆ ಒಂದು ಸಲ ಒತ್ತಿ, ನಾಲ್ಕೈದು ಸೆಕೆಂಡು ನಿಧಾನವಾಗಿ ತೆಗೆದುಕೊಳ್ಳಬೇಕು. ರಭಸದಿಂದ ಎಳೆದರೆ ಔಷಧ ಗಂಟಲಿಗೆ ಬಡಿದು ಅಲ್ಲೇ ಉಳಿಯುತ್ತದೆ. ಎರಡರಲ್ಲೂ ಮೊದಲು ಉಸಿರನ್ನು ಪೂರ್ತಿ ಹೊರಬಿಡಬೇಕು, ಆದರೆ ರೋಟಾಹೇಲರಿನೊಳಕ್ಕೆ ಬಿಡಬಾರದು, ಪುಡಿ ತೇವಕ್ಕೆ ಗಂಟುಕಟ್ಟುತ್ತದೆ. ಎಳೆದ ಮೇಲೆ 10 ಸೆಕೆಂಡು ಉಸಿರು ಹಿಡಿಯಬೇಕು. ಎರಡಕ್ಕೂ ಬರೀ ‘ಎಳೆಯಿರಿ’ ಎಂದು ಬರೆದರೆ ಪಂಪನ್ನೂ ಬೀಡಿ ಸೇದಿದಂತೆ ದಮ್ಮೆಳೆಯುತ್ತಾರೆ. ರೋಟಾಹೇಲರಿಗೆ ‘ಜೋರಾಗಿ ಎಳೆಯಿರಿ’, ಪಂಪಿಗೆ ‘ಮೆಲ್ಲಗೆ ಒಳಗೆ ತುಂಬಿಕೊಳ್ಳಿ’ ಎಂದಿಟ್ಟುಕೊಂಡಿದ್ದೇನೆ. ‘ಕ್ಯಾಪ್ಸೂಲ್ ತೆಗೆದುಕೊಳ್ಳಿ’ ಎಂದಂತೂ ಬರೆಯಲೇಬಾರದು, ನೀರು ಕುಡಿದು ನುಂಗಿಬಿಡುತ್ತಾರೆ.

ಕಫ ಹೆಚ್ಚಿ, ಬಣ್ಣ ಹಸಿರಿಗೆ ತಿರುಗಿ, ಉಸಿರಾಟ ಇದ್ದಕ್ಕಿದ್ದಂತೆ ಹದಗೆಡುವುದಕ್ಕೆ ವೈದ್ಯರು ‘ಉಲ್ಬಣ’ ಎನ್ನುತ್ತಾರೆ. ಇಂಥ ಒಂದೊಂದು ಸಲವೂ ಶ್ವಾಸಕೋಶದ ಬಲ ಇನ್ನಷ್ಟು ಕುಗ್ಗಬಹುದು, ಹಾಗಾಗಿ ಆ ದಿನವೇ ವೈದ್ಯರ ಬಳಿ ಹೋಗುವಂತೆ ಮಾಡುವ ಪದ ಬೇಕು. ನಿಮ್ಮ ಕಡೆ ಮನೆಮಂದಿ ಇದಕ್ಕೆ ಏನನ್ನುತ್ತಾರೆ, ‘ಕೆರಳಿದೆ’ ಎಂದೋ, ‘ಜೋರಾಗಿದೆ’ ಎಂದೋ?