ಪದಚರ್ಚೆ: ಬೌದ್ಧ–ಕ್ರೈಸ್ತ ಹೋಲಿಕೆಯಲ್ಲಿ ‘ಪಾಪ’, ‘ಆತ್ಮ’, ‘ಮೋಕ್ಷ’ ಬಳಸಬಹುದೇ?

ಬಳಗದ ಹಿರಿಯರಿಗೂ ಗೆಳೆಯರಿಗೂ ನಮಸ್ಕಾರ.

ಬೌದ್ಧ ಮತ್ತು ಕ್ರೈಸ್ತ ಧರ್ಮಗಳ ನಂಬಿಕೆ, ಆಚರಣೆಗಳನ್ನು ಹೋಲಿಸುವ ದೀರ್ಘ ಲೇಖನವೊಂದರ ಕರಡು ತಿದ್ದುವುದಕ್ಕೆಂದು ನನ್ನ ಬಳಿ ಬಂದಿದೆ. ಬರೆದವರು ಚೆನ್ನಾಗಿ ಓದಿಕೊಂಡವರು. ತೊಡಕಿರುವುದು ಅವರು ನಡುವೆ ಕೊಟ್ಟಿರುವ ಒಂದು ಕೋಷ್ಟಕದಲ್ಲಿ. ಅದರ ತಲೆಬರಹಗಳು ಹೀಗಿವೆ: ದೇವರು, ಆತ್ಮ, ಪಾಪ, ಮೋಕ್ಷ, ಪ್ರಾರ್ಥನೆ. ಕ್ರೈಸ್ತರ ಸಾಲು ತುಂಬಿ ತುಳುಕುತ್ತದೆ. ಬೌದ್ಧರ ಸಾಲಿನಲ್ಲಿ ಮೊದಲೆರಡು ಕಡೆ ‘ಇಲ್ಲ’ ಎಂದು ಬರೆದು, ಉಳಿದ ಕಡೆ ಕರ್ಮ, ನಿರ್ವಾಣ, ಧ್ಯಾನ ಎಂದು ತುಂಬಿಸಲಾಗಿದೆ. ಓದಿದವರಿಗೆ ಬೌದ್ಧಧರ್ಮವೆಂದರೆ ಕೆಲವು ಅಂಶಗಳು ಕಡಿಮೆ ಬಿದ್ದ ಕ್ರೈಸ್ತಧರ್ಮ ಎನ್ನಿಸಿದರೆ ಅವರ ತಪ್ಪಲ್ಲ. ದುಃಖ, ತೃಷ್ಣೆ, ಅನಿತ್ಯ ಎಂದು ತಲೆಬರಹ ಕೊಟ್ಟಿದ್ದರೆ ಖಾಲಿ ಬೀಳುತ್ತಿದ್ದುದು ಇನ್ನೊಂದು ಸಾಲು.

ಕೋಷ್ಟಕವನ್ನೇ ಕಿತ್ತುಹಾಕಿ ಎಂದು ಹೇಳಿಬಿಡಬಹುದು. ಆದರೆ ಕನ್ನಡದ ಕಷ್ಟ ಅಷ್ಟಕ್ಕೆ ಮುಗಿಯುವುದಿಲ್ಲ. ಆತ್ಮ, ಪಾಪ, ಮೋಕ್ಷ ಎಂಬ ಮಾತುಗಳು ನಮಗೆ ಬಂದಿರುವುದು ವೇದಾಂತ, ಪುರಾಣ, ಭಕ್ತಿಪದಗಳ ಅರ್ಥವನ್ನು ಹೊತ್ತುಕೊಂಡು. ಬೌದ್ಧರಿಗೂ ಕ್ರೈಸ್ತರಿಗೂ ಮಾತುಕತೆ ನಡೆಸಿಕೊಡಲು ಕೂರಿಸಿದ ಮಧ್ಯಸ್ಥ ಇಬ್ಬರ ಪರವಾಗಿಯೂ ತನ್ನದೇ ಉತ್ತರ ಹೇಳುತ್ತಿದ್ದಾನೆ ಎಂಬುದು ನನ್ನ ಗುಮಾನಿ. ಒಂದೊಂದಾಗಿ ಮುಂದಿಡುತ್ತೇನೆ, ಬಲ್ಲವರು ತಿದ್ದಬೇಕು.

ಮೊದಲು ‘ಪಾಪ’. ಇದು ಬೌದ್ಧರಿಗೆ ಹೊರಗಿನ ಪದವೇನಲ್ಲ. ಪಾಳಿ ಭಾಷೆಯಲ್ಲಿರುವ ಬುದ್ಧವಚನಗಳ ಪದ್ಯಸಂಗ್ರಹವಾದ ಧಮ್ಮಪದದ 183ನೇ ಗಾಥೆಯೇ ‘ಸಬ್ಬಪಾಪಸ್ಸ ಅಕರಣಂ’ ಎಂದು ತೊಡಗುತ್ತದೆ: ಯಾವ ಪಾಪವನ್ನೂ ಮಾಡದಿರುವುದು. ಹಾಗಿದ್ದರೆ ಎರಡೂ ಕಡೆ ಪಾಪ ಎಂದೇ ಬರೆದರೆ ನಷ್ಟವೇನು? ಪಾಪ ಯಾರಿಗೆ ಎದುರಾಗಿ ಎಂದು ಕೇಳಿದರೆ ನಷ್ಟ ಕಾಣುತ್ತದೆ. ಬೈಬಲ್ಲಿನ ಐವತ್ತೊಂದನೇ ಕೀರ್ತನೆಯಲ್ಲಿ ದಾವೀದ ರಾಜ, ನಾನು ಪಾಪ ಮಾಡಿರುವುದು ನಿನಗೇ ವಿರುದ್ಧವಾಗಿ ಎಂದು ದೇವರೆದುರು ಗೋಳಿಡುತ್ತಾನೆ. ಅಲ್ಲಿ ಪಾಪವೆಂದರೆ ಮುರಿದ ಸಂಬಂಧ; ಆದ್ದರಿಂದಲೇ ಕ್ಷಮೆಗೆ ಅರ್ಥವಿದೆ. ಧಮ್ಮಪದದ 165ನೇ ಗಾಥೆಯ ಪ್ರಕಾರ ತಾನು ಮಾಡಿದ ಪಾಪದಿಂದ ತಾನೇ ಮಲಿನನಾಗುತ್ತಾನೆ, ಒಬ್ಬನನ್ನು ಇನ್ನೊಬ್ಬ ಶುದ್ಧಗೊಳಿಸಲಾರ. ಇಲ್ಲಿ ಕ್ಷಮಿಸುವ ಸ್ಥಾನದಲ್ಲಿ ಕುಳಿತವರೇ ಇಲ್ಲ.

ಎರಡು ಕಥೆಗಳನ್ನು ಪಕ್ಕಪಕ್ಕ ಇಟ್ಟರೆ ಇದು ಇನ್ನೂ ನಿಚ್ಚಳ. ಲೂಕನ ಸುವಾರ್ತೆಯಲ್ಲಿ ಯೇಸುವಿನ ಜೊತೆ ಶಿಲುಬೆಗೇರಿದ ಒಬ್ಬ ಅಪರಾಧಿ ‘ನನ್ನನ್ನು ನೆನೆದುಕೋ’ ಎಂದು ಬೇಡುತ್ತಾನೆ. ಈ ದಿನವೇ ನನ್ನೊಡನೆ ಪರದೈಸಿನಲ್ಲಿರುವೆ (ಸ್ವರ್ಗದಲ್ಲಿರುವೆ) ಎಂಬ ಉತ್ತರ ಸಿಗುತ್ತದೆ. ಅವನ ಹಿಂದಿನ ಬದುಕಿನ ಲೆಕ್ಕವನ್ನು ಯಾರೂ ತೆಗೆಯುವುದಿಲ್ಲ. ಇತ್ತ ಬುದ್ಧನ ಕಾಲದ ದರೋಡೆಕೋರ ಅಂಗುಲಿಮಾಲ ಕೊಲೆಗಳನ್ನು ಬಿಟ್ಟು ಭಿಕ್ಷುವಾದ, ಅರಹಂತನೂ (ಪೂರ್ಣ ಬಿಡುಗಡೆ ಹೊಂದಿದವನೂ) ಆದ. ಆದರೂ ಭಿಕ್ಷೆಗೆ ಹೋದಾಗ ಅವನ ಮೇಲೆ ಕಲ್ಲು, ಕೋಲು ಬಿದ್ದು ತಲೆ ಒಡೆಯುತ್ತದೆ, ಚೀವರ (ಭಿಕ್ಷುವಿನ ಬಟ್ಟೆ) ಹರಿಯುತ್ತದೆ, ಪಾತ್ರೆ ಒಡೆಯುತ್ತದೆ. ಬುದ್ಧ ಅವನಿಗೆ ಹೇಳುವುದು ‘ಸಹಿಸಿಕೋ’ ಎಂದಷ್ಟೇ. ಬಹುಕಾಲ ನರಕದಲ್ಲಿ ಉಣ್ಣಬೇಕಿದ್ದ ಫಲವನ್ನು ಈ ಜನ್ಮದಲ್ಲೇ ಉಣ್ಣುತ್ತಿದ್ದೀಯೆ ಎನ್ನುತ್ತಾನೆ. ಇಬ್ಬರೂ ಬಿಡುಗಡೆ ಹೊಂದಿದವರೇ. ಇಬ್ಬರ ‘ಪಾಪ’ವೂ ಒಂದೇ ಎನ್ನಲು ನನಗಂತೂ ಧೈರ್ಯವಿಲ್ಲ. ಬೌದ್ಧ ಸಂದರ್ಭಕ್ಕೆ ‘ಅಕುಶಲ’ ಎಂದರೆ ಸರಿಹೋಗುತ್ತದೆ, ಅದು ಪಾಳಿಯದೇ ಮಾತು. ಆದರೆ ಇಂದಿನ ಕನ್ನಡದಲ್ಲಿ ‘ಕುಶಲವೇ?’ ಎಂದರೆ ಆರೋಗ್ಯ ವಿಚಾರಿಸಿದಂತೆ. ಅಕುಶಲ ಎಂದರೆ ಮೈ ಸರಿಯಿಲ್ಲ ಎಂದುಕೊಂಡಾರು.

ಇನ್ನು ಶೀಲಗಳಿಗೆ ಬರೋಣ. ಈ ಪತ್ರ ಬರೆಯಲು ಮುಖ್ಯ ಕಾರಣವೇ ಇದು. ಕರಡಿನಲ್ಲಿ ಬೈಬಲ್ಲಿನ ಹತ್ತು ಆಜ್ಞೆಗಳನ್ನೂ ಬೌದ್ಧರ ಐದು ಶೀಲಗಳಾದ ಪಂಚಶೀಲವನ್ನೂ ಅಕ್ಕಪಕ್ಕ ಕೊಟ್ಟಿದ್ದಾರೆ. ಒಂದು ಕಡೆ ‘ನರಹತ್ಯ ಮಾಡಬಾರದು’, ಇನ್ನೊಂದು ಕಡೆ ‘ಪ್ರಾಣಿಹತ್ಯೆ ಮಾಡಬಾರದು’. ಒಂದು ಕಡೆ ‘ಕದಿಯಬಾರದು’, ಇನ್ನೊಂದು ಕಡೆಯೂ ‘ಕದಿಯಬಾರದು’. ನೋಡಿದೊಡನೆ ಎಷ್ಟು ಸಾಮ್ಯ ಎಂದು ತಲೆದೂಗುವಂತಿದೆ. ಮೂಲಕ್ಕೆ ಹೋದರೆ ಕ್ರಿಯಾಪದಗಳೇ ಬೇರೆ. ಹೀಬ್ರೂವಿನಲ್ಲಿರುವುದು ಮಧ್ಯಮಪುರುಷ ಏಕವಚನ: ‘ನೀನು’ ಕೊಲ್ಲಕೂಡದು. ಹೇಳುವವನೊಬ್ಬ, ಕೇಳುವವನೊಬ್ಬ. ಪಾಳಿಯಲ್ಲಿ ‘ಪಾಣಾತಿಪಾತಾ ವೇರಮಣೀ ಸಿಕ್ಖಾಪದಂ ಸಮಾದಿಯಾಮಿ’ ಎಂದಿದೆ, ‘ಸಮಾದಿಯಾಮಿ’ ಉತ್ತಮಪುರುಷ. ಪ್ರಾಣ ತೆಗೆಯುವುದರಿಂದ ದೂರವಿರುವ ಶಿಕ್ಷಾಪದವನ್ನು ‘ನಾನು’ ಕೈಗೊಳ್ಳುತ್ತೇನೆ ಎಂದರ್ಥ. ಅಲ್ಲಿ ಆಜ್ಞೆಯೇ ಇಲ್ಲ, ಕೈಗೊಂಡ ವ್ರತವಿದೆ. ನಮ್ಮ ‘ಬಾರದು’ ಎಂಬ ರೂಪಕ್ಕೆ ಪುರುಷವಚನಗಳ ಗೊಡವೆಯಿಲ್ಲ. ನಾನು ಮಾಡಬಾರದು, ನೀನು ಮಾಡಬಾರದು, ಅವರು ಮಾಡಬಾರದು, ಎಲ್ಲದಕ್ಕೂ ಒಂದೇ. ಹೋಲಿಕೆಯಲ್ಲಿ ಎದ್ದು ಕಾಣಬೇಕಾಗಿದ್ದ ವ್ಯತ್ಯಾಸವನ್ನೇ ಅದು ಮಟ್ಟಸ ಮಾಡಿಬಿಟ್ಟಿದೆ. ಇಲ್ಲಿ ಬದಲಿ ಪದ ಬೇಡ, ವಾಕ್ಯವನ್ನೇ ಬದಲಿಸಬೇಕು ಎಂಬುದು ನನ್ನ ನಿಲುವು.

ಇದರ ಬೆನ್ನಿಗೇ ‘ಶಿಕ್ಷಾಪದ’ ಎಂಬ ಮಾತಿನ ಪಾಡು. ಸಂಸ್ಕೃತದ ಶಿಕ್ಷಾ ಎಂದರೆ ಕಲಿಕೆ, ಅಭ್ಯಾಸ. ಶಿಕ್ಷಣ, ಶಿಕ್ಷಕರಲ್ಲಿ ಆ ಅರ್ಥ ಕನ್ನಡದಲ್ಲೂ ಉಳಿದಿದೆ. ಆದರೆ ಬರಿಯ ‘ಶಿಕ್ಷೆ’ ಎಂದರೆ ದಂಡನೆಯೇ. ಕರಡನ್ನು ಓದಿದ ಕಿರಿಯ ಸಹೋದ್ಯೋಗಿಯೊಬ್ಬರು, ‘ಸರ್, ಐದು ಶಿಕ್ಷೆಗಳು ಯಾವುವು ಎಂದು ವಿವರಿಸಿಲ್ಲವಲ್ಲ’ ಎಂದು ಕೇಳಿದರು. ನಗು ಬಂದರೂ ನಗಲಿಲ್ಲ. ಅವರು ಕನ್ನಡವನ್ನು ಸರಿಯಾಗಿಯೇ ಓದಿದ್ದರು.

‘ಆತ್ಮ’ದ ಕಥೆ ವಿಚಿತ್ರವಾದದ್ದು. ಕ್ರೈಸ್ತರು ಆತ್ಮವನ್ನು ನಂಬುತ್ತಾರೆ, ಬೌದ್ಧರು ನಂಬುವುದಿಲ್ಲ ಎಂದು ಕರಡು ಒಂದೇ ಸಾಲಿನಲ್ಲಿ ಮುಗಿಸಿದೆ. ಯಾವ ಆತ್ಮ? ಹುಟ್ಟಿಲ್ಲದ, ಸಾವಿಲ್ಲದ, ಬದಲಾಗದ ಆತ್ಮವನ್ನು ಬುದ್ಧ ಒಪ್ಪಲಿಲ್ಲ; ರೂಪ (ದೇಹ), ವೇದನೆ (ಅನುಭವ), ಸಂಜ್ಞೆ (ಗುರುತಿಸುವಿಕೆ), ಸಂಸ್ಕಾರ (ಮನಸ್ಸಿನ ಪ್ರವೃತ್ತಿ), ವಿಜ್ಞಾನ (ಅರಿವು) ಎಂಬ, ವ್ಯಕ್ತಿಯನ್ನು ರೂಪಿಸುವ ಐದು ಸ್ಕಂಧಗಳಲ್ಲಿ ಯಾವುದನ್ನೂ ‘ನಾನು’ ಎನ್ನಲಾಗದು ಎಂದ. ಆದರೆ ಹುಟ್ಟಿಲ್ಲದ ಆತ್ಮವನ್ನು ಕ್ರೈಸ್ತರೂ ಒಪ್ಪುವುದಿಲ್ಲವಲ್ಲ! ಅವರಿಗೆ ಅದು ದೇವರ ಸೃಷ್ಟಿ. ಆದಿಕಾಂಡದಲ್ಲಿ ದೇವರು ಮಣ್ಣಿನಿಂದ ಮಾಡಿದ ಮನುಷ್ಯನ ಮೂಗಿನಲ್ಲಿ ಜೀವಶ್ವಾಸ ಊದಿದಾಗ ಅವನು ಬದುಕುವ ಪ್ರಾಣಿಯಾದ. ಒಳಗೆ ಆತ್ಮವೊಂದನ್ನು ತಂದಿಟ್ಟರು ಎಂದು ಅಲ್ಲಿಲ್ಲ. ಅವರ ವಿಶ್ವಾಸಪ್ರಮಾಣದಲ್ಲಿ ಶರೀರದ ಪುನರುತ್ಥಾನ ಎಂಬ ಮಾತಿದೆ; ದೇಹವನ್ನು ಹಳೆಯ ಬಟ್ಟೆಯಂತೆ ಕಳಚಿ ಹೋಗುವ ಆತ್ಮಕ್ಕೆ ಪುನರುತ್ಥಾನದ ಹಂಗೇಕೆ? ವೇದಾಂತದ ಆತ್ಮಕ್ಕೆ ಇಬ್ಬರೂ ತಮ್ಮತಮ್ಮ ರೀತಿಯಲ್ಲಿ ಹೊರಗಿನವರು. ಕನ್ನಡದಲ್ಲಿ ಒಬ್ಬರು ಅದರ ಪರ, ಒಬ್ಬರು ವಿರುದ್ಧ ಎಂದು ಬಿಂಬಿತವಾಗುತ್ತದೆ. ‘ಪವಿತ್ರಾತ್ಮ’ವಂತೂ ಬೇರೆಯೇ, ಹೀಬ್ರೂ, ಗ್ರೀಕ್ ಎರಡರಲ್ಲೂ ಅಲ್ಲಿನ ‘ಆತ್ಮ’ದ ಮೂಲಪದಕ್ಕೆ ಉಸಿರು, ಗಾಳಿ ಎಂಬ ಅರ್ಥವೂ ಇದೆ. ಬೇರೂರಿದ ಪದವನ್ನು ಈಗ ಕೀಳಲಾಗದು. ಅಡಿಟಿಪ್ಪಣಿ ಸಾಕೇ?

‘ಮೋಕ್ಷ’ವನ್ನು ಮಾತ್ರ ಎರಡೂ ಸಾಲಿನಿಂದ ತೆಗೆಯಲು ಹೇಳಿದ್ದೇನೆ. ಕನ್ನಡ ಬೈಬಲ್ಲಿನಲ್ಲಿ ‘ರಕ್ಷಣೆ’ ಎಂಬ ಪದವಿದೆ, ಅದನ್ನೇ ಇಟ್ಟುಕೊಂಡರಾಯಿತು. ರಕ್ಷಿಸು ಸಕರ್ಮಕ ಧಾತು. ರಕ್ಷಿಸುವವನಿಲ್ಲದೆ ರಕ್ಷಣೆಯಿಲ್ಲ, ಅಲ್ಲಿಗೆ ಕ್ರೈಸ್ತರ ತಿರುಳೇ ವ್ಯಾಕರಣದಲ್ಲಿ ಬಂದಂತಾಯಿತು. ನಿರ್ವಾಣಕ್ಕೆ ಸಾಟಿಯಾದ ಅಚ್ಚಗನ್ನಡ ಧಾತುವೊಂದಿದೆ ಎಂದು ನನಗೆ ಬಹುದಿನಗಳಿಂದ ಅನ್ನಿಸುತ್ತಿದೆ: ‘ಆರು’. ದೀಪ ಆರುತ್ತದೆ, ಬಿಸಿ ಹಾಲು ಆರುತ್ತದೆ. ರತನಸುತ್ತ ಎಂಬ ಪಾಳಿ ಸೂತ್ರದಲ್ಲಿ ‘ನಿಬ್ಬಂತಿ ಧೀರಾ ಯಥಾಯಂ ಪದೀಪೋ’ ಎಂದಿದೆ: ಧೀರರು ಈ ದೀಪದಂತೆ ಆರುತ್ತಾರೆ. ಬಿಡುಗಡೆ ಹೊಂದಿದವನಿಗೆ ಪಾಳಿಯಲ್ಲಿ ‘ಸೀತಿಭೂತ’, ಅಂದರೆ ತಣ್ಣಗಾದವನು ಎಂಬ ಮಾತೂ ಇದೆ. ನಂದುವುದು, ತಣಿಯುವುದು ಎರಡೂ ನಮ್ಮ ಒಂದೇ ಧಾತುವಿನಲ್ಲಿವೆ. ಎಲ್ಲವೂ ರಾಗ, ದ್ವೇಷ, ಮೋಹಗಳ ಬೆಂಕಿಯಲ್ಲಿ ಉರಿಯುತ್ತಿದೆ ಎಂಬ ಬುದ್ಧನ ಉಪದೇಶಕ್ಕೂ ಇದು ಹೊಂದುತ್ತದೆ. ಮೇಲಾಗಿ ಆರು ಅಕರ್ಮಕ. ಸೌದೆ ಹಾಕುವುದು ನಿಂತರೆ ಬೆಂಕಿ ತಾನಾಗಿ ಆರುತ್ತದೆ, ಆರಿಸುವವನು ಬೇಕಿಲ್ಲ.

ಇಷ್ಟು ಅಂದವಾಗಿ ಹೊಂದಿದ್ದಕ್ಕೇ ನನಗೆ ಸ್ವಲ್ಪ ಸಂಶಯ. ಜಪಾನಿನಲ್ಲಿ 1173ರಲ್ಲಿ ಹುಟ್ಟಿದ ಶಿನ್ರಾನ್ ಎಂಬ ಬೌದ್ಧ ಗುರು, ಸ್ವಬಲದಿಂದ ಬಿಡುಗಡೆ ಅಸಾಧ್ಯ, ಅಮಿತಾಭ ಬುದ್ಧನ ಸಂಕಲ್ಪಬಲವನ್ನು ನಂಬಿ ಶರಣಾಗುವುದೊಂದೇ ದಾರಿ ಎಂದ. ಅವನ ಅನುಯಾಯಿಗಳಿಗೆ ನನ್ನ ಅಕರ್ಮಕದ ವಾದ ರುಚಿಸಲಿಕ್ಕಿಲ್ಲ. ಬೌದ್ಧರು ಎಂದಾಗ ಯಾವ ಬೌದ್ಧರು ಎಂದು ಲೇಖನ ಮೊದಲೇ ಹೇಳಬೇಕು; ನಾನು ಇಲ್ಲಿ ಹೆಚ್ಚಾಗಿ ಪಾಳಿಯನ್ನೇ ಹಿಡಿದು ಮಾತಾಡುತ್ತಿದ್ದೇನೆ.

‘ಪ್ರೀತಿ’ಯ ಗೊಂದಲ ಇನ್ನೊಂದು ಬಗೆಯದು. ‘ದೇವರು ಪ್ರೀತಿಸ್ವರೂಪಿ’ ಎಂಬ ಯೋಹಾನನ ಮಾತಿನ ಪಕ್ಕದಲ್ಲೇ ಕರಡಿನಲ್ಲಿ ಧಮ್ಮಪದದ ‘ಪ್ರೇಮದಿಂದ ಶೋಕ ಹುಟ್ಟುತ್ತದೆ’ ಎಂಬ ಸಾಲಿದೆ. ಬುದ್ಧ ಪ್ರೀತಿಯ ವೈರಿ ಎಂದು ಯಾರಾದರೂ ತೀರ್ಮಾನಿಸಿಯಾರು. ಅಲ್ಲಿನ ಪ್ರೇಮ ನನ್ನವರು, ನನ್ನದು ಎಂಬ ಅಂಟು. ಯೋಹಾನನ ಪ್ರೀತಿಗೆ ಹತ್ತಿರ ಬರುವುದು ‘ಮೈತ್ರಿ’: ತಾಯಿ ತನ್ನ ಒಬ್ಬನೇ ಮಗನನ್ನು ಪ್ರಾಣ ಕೊಟ್ಟಾದರೂ ಕಾಯುವಂತೆ ಎಲ್ಲ ಜೀವಿಗಳತ್ತ ಅಪಾರ ಮನಸ್ಸು ಬೆಳೆಸಿಕೊಳ್ಳಲಿ ಎನ್ನುತ್ತದೆ ಮೆತ್ತಸುತ್ತ. ಆದರೆ ಪತ್ರಿಕೆಗಳು ಮೈತ್ರಿಯನ್ನು ಸರ್ಕಾರ ರಚನೆಗೆ ಎಂದೋ ಬರೆದುಕೊಟ್ಟಿವೆ. ಪಾಳಿಯ ‘ಪೀತಿ’ಯೋ, ಧ್ಯಾನದಲ್ಲಿ ಉಕ್ಕುವ ಹರ್ಷ. ಅದನ್ನು ಪ್ರೀತಿ ಎಂದೇ ಅನುವಾದಿಸಿದವರಿದ್ದಾರೆ, ದಯವಿಟ್ಟು ಬೇಡ.

ಶ್ರದ್ಧೆ, ನಂಬಿಕೆ, ವಿಶ್ವಾಸಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ಒಂದು ಕಾಕತಾಳೀಯವನ್ನು ಮಾತ್ರ ಗಮನಕ್ಕೆ ತರುತ್ತೇನೆ. ಧಮ್ಮವನ್ನು ಬಣ್ಣಿಸುವ ಪಾಳಿ ಸೂತ್ರದಲ್ಲಿ ‘ಏಹಿಪಸ್ಸಿಕೋ’ ಎಂಬ ವಿಶೇಷಣವಿದೆ, ‘ಬಂದು ನೋಡು’ ಎಂದು ಕರೆಯುವಂಥದ್ದು. ಯೋಹಾನನ ಸುವಾರ್ತೆಯ ಮೊದಲ ಅಧ್ಯಾಯದಲ್ಲಿ ನಜರೇತಿನಿಂದ ಒಳ್ಳೆಯದೇನಾದರೂ ಬಂದೀತೇ ಎಂದು ಮೂಗು ಮುರಿದ ನತಾನಯೇಲನಿಗೆ ಫಿಲಿಪ್ಪ ಕೊಡುವ ಉತ್ತರವೂ ‘ಬಂದು ನೋಡು’. ಪದ ಪದವೂ ಒಂದೇ. ಒಂದು ಕಡೆ ನೋಡಬೇಕಾದದ್ದು ಒಂದು ಧರ್ಮವನ್ನು, ಇನ್ನೊಂದು ಕಡೆ ಒಬ್ಬ ವ್ಯಕ್ತಿಯನ್ನು.

ಈ ಪದಜಗಳ ಹೊಸದೂ ಅಲ್ಲ, ಕನ್ನಡಕ್ಕೆ ಮಾತ್ರ ಸೇರಿದ್ದೂ ಅಲ್ಲ. 1549ರಲ್ಲಿ ಜಪಾನಿಗೆ ಹೋದ ಕ್ರೈಸ್ತ ಧರ್ಮಪ್ರಚಾರಕ ಫ್ರಾನ್ಸಿಸ್ ಝೇವಿಯರ್ ದೇವರಿಗೆ ಮೊದಲು ಬಳಸಿದ ಪದ ‘ದೈನಿಚಿ’. ಅದು ಮಹಾವೈರೋಚನ ಬುದ್ಧನ ಹೆಸರು. ಕೇಳಿದ ಶಿಂಗೋನ್ ಎಂಬ ಬೌದ್ಧ ಪಂಥದ ಭಿಕ್ಷುಗಳಿಗೆ ಈತನೂ ನಮ್ಮವನೇ ಎನ್ನಿಸಿತು. ವಿಷಯ ತಿಳಿದ ಮೇಲೆ ಆತ ಲ್ಯಾಟಿನ್ನಿನ ‘ದೇವುಸ್’ ಎಂಬುದನ್ನೇ ಹಿಡಿದ. ವಿರೋಧಿಗಳು ಅದನ್ನು ‘ದೈ ಉಸೋ’, ಅಂದರೆ ದೊಡ್ಡ ಸುಳ್ಳು ಎಂದು ತಿರುಚಿ ಆಡಿಕೊಂಡರು. ಅನುವಾದ ಮಾಡಿದರೂ ಕಷ್ಟ, ಮಾಡದಿದ್ದರೂ ಕಷ್ಟ. ಇದಕ್ಕಿಂತ ಸೊಗಸಾದದ್ದು ‘ಬೋಧಿಸತ್ತ್ವ’ (ಬುದ್ಧನಾಗಲಿರುವವನು) ಎಂಬ ಪದದ ಪಯಣ. ಬುದ್ಧನ ಕಥೆ ಪಶ್ಚಿಮಕ್ಕೆ ಸಾಗುತ್ತ ಅರಬ್ಬಿಯಲ್ಲಿ ಅದು ‘ಬೂದಾಸಫ್’ ಆಯಿತು. ಆ ಲಿಪಿಯಲ್ಲಿ ಪದದ ಮೊದಲಲ್ಲಿ ಬರುವ ಬಕಾರದ ಕೆಳಗೆ ಒಂದು ಚುಕ್ಕೆ, ಯಕಾರದ ಕೆಳಗೆ ಎರಡು. ಒಂದು ಚುಕ್ಕೆ ಹೆಚ್ಚಾಗಿ ‘ಯೂದಾಸಫ್’, ಜಾರ್ಜಿಯನ್ನಿನಲ್ಲಿ ‘ಇಯೋದಾಸಫ್’, ಗ್ರೀಕಿನಲ್ಲಿ ‘ಇಯೋಆಸಫ್’, ಲ್ಯಾಟಿನ್ನಿನಲ್ಲಿ ‘ಜೋಸಫಾತ್’. ಹೀಗೆ ಸಂತ ಜೋಸಫಾತನೆಂಬ ಹೆಸರಿನಲ್ಲಿ ಸಿದ್ಧಾರ್ಥ ಕ್ರೈಸ್ತ ಸಂತರ ಪಟ್ಟಿ ಸೇರಿದ. ಕೋಷ್ಟಕ ಹಾಕುವವರಿಗೆ ಇದನ್ನು ಯಾವ ಸಾಲಿಗೆ ಸೇರಿಸಬೇಕೋ!

ಈಗ ಬಳಗದವರಲ್ಲಿ ಕೇಳಬೇಕಾದವು. ನಿರ್ವಾಣಕ್ಕೆ ಆರು ಧಾತುವಿನಿಂದ ‘ಆರಿಕೆ’ ಎಂಬಂಥ ನಾಮಪದವನ್ನು ಯಾರಾದರೂ ಬಳಸಿರುವುದು ಹಳೆಯ ಅಥವಾ ಹೊಸ ಬರಹದಲ್ಲಿ ಕಣ್ಣಿಗೆ ಬಿದ್ದಿದೆಯೇ? ಶಿಕ್ಷಾಪದಕ್ಕೆ ‘ಕಲಿಕೆಯ ನಿಯಮ’ ಎಂದರೆ ಶಾಲೆಯ ವಾಸನೆ ಬರುತ್ತದೆ, ‘ವ್ರತ’ ಎಂದರೆ ಪೂಜೆಯ ವಾಸನೆ, ಮೂರನೆಯದೊಂದು ಇದೆಯೇ? ಮತ್ತು ‘ಸಮಾದಿಯಾಮಿ’ಯ ಉತ್ತಮಪುರುಷವನ್ನು ಉಳಿಸಿಕೊಂಡು ಐದು ಶೀಲಗಳನ್ನು ಸರಾಗವಾಗಿ ಕನ್ನಡಿಸಿದ ಪಾಠ ಯಾರ ಬಳಿಯಾದರೂ ಇದ್ದರೆ ಇಲ್ಲಿ ಹಾಕಿ. ಕರಡನ್ನು ಹಿಂದಿರುಗಿಸುವ ಮೊದಲು ಅದನ್ನು ಸೇರಿಸಬೇಕೆಂದಿದ್ದೇನೆ.